ಹನ್ನೆರಡು ಕಾಣೆಯಾಗಿದೆ

2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯುತ್ತದೆ ಅಂತ ಸುದ್ದಿ ಬಂದಾಗ ಊರಿಗೆಲ್ಲ ಖುಷಿ. ತುಪ್ಪ, ಬೆಣ್ಣೆ, ಛತ್ರಿ ಎಲ್ಲ 12ರಿಂದ 5 ಪರ್ಸೆಂಟ್‌ಗೆ. ನನಗೆ ಮಾತ್ರ ಹೊಟ್ಟೆಯಲ್ಲಿ ತಳಮಳ. ಅಂಗಡಿಯೊಂದರ ಬಿಲ್ಲಿಂಗ್ ಸಾಫ್ಟ್‌ವೇರ್ ನನ್ನ ತಲೆಗೆ ಕಟ್ಟಿದ್ದರು. ಬರೆದ ಪುಣ್ಯಾತ್ಮ ಕೆಲಸ ಬಿಟ್ಟು ಹೋಗುವಾಗ ಕೊಟ್ಟ ಕೆಟಿ, ಅಂದರೆ ಕೆಲಸ ಒಪ್ಪಿಸುವಾಗಿನ ಪಾಠ, ಇಷ್ಟೇ: "ಎಲ್ಲಾ ಕೋಡಲ್ಲೇ ಇದೆ ಗುರು, ಓದಿದ್ರೆ ಗೊತ್ತಾಗುತ್ತೆ."

"12 ಇರೋ ಕಡೆ 5 ಹಾಕಿದ್ರೆ ಆಯ್ತಲ್ವಾ?" ಅಂದರು ಅಂಗಡಿ ಯಜಮಾನರು.

ಹುಡುಕಿದೆ. 12 ಬೇಕಾದಷ್ಟು ಸಿಕ್ಕಿತು. ವರ್ಷಕ್ಕೆ ತಿಂಗಳು 12, ಬಾಳೆಹಣ್ಣಿನ ಡಜನ್ 12, ಬಿಲ್ಲಿನ ಅಕ್ಷರದ ಸೈಜು 12. ತೆರಿಗೆಯ 12 ಮಾತ್ರ ನಾಪತ್ತೆ! ಯಜಮಾನರ ಮಾತು ಕೇಳಿದ್ದರೆ ವರ್ಷಕ್ಕೆ ಐದೇ ತಿಂಗಳು, ಡಜನ್‌ಗೆ ಐದೇ ಬಾಳೆಹಣ್ಣು.

ಕೊನೆಗೆ ಸಿಕ್ಕಿತು, 6ರ ವೇಷದಲ್ಲಿ. ಜಿಎಸ್‌ಟಿಯಲ್ಲಿ ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ ಅಲ್ವಾ? ಪುಣ್ಯಾತ್ಮ 6ನ್ನೇ ಎರಡು ಸಲ ಕೂಡಿಸಿದ್ದ. ಆ 6ನ್ನು ಇಟ್ಟುಕೊಂಡಿದ್ದ ವೇರಿಯಬಲ್‌ನ (ಕೋಡಿನೊಳಗೆ ಸಂಖ್ಯೆ ಇಡುವ ಡಬ್ಬಿ ಅನ್ನಿ) ಹೆಸರು 'ವ್ಯಾಟ್'. ಕಿರಾಣಿ ಸಾಮಾನಿಗೆ ವ್ಯಾಟ್ ಹೋಗಿ ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಈ ಕೋಡಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

6 ತೆಗೆದು 2.5 ಹಾಕಿದೆ. ಟೆಸ್ಟ್ ಬಿಲ್ಲಿನಲ್ಲಿ ತುಪ್ಪಕ್ಕೆ 4 ಪರ್ಸೆಂಟ್ ತೆರಿಗೆ ಬಿತ್ತು! ಅದು ಪೂರ್ಣ ಸಂಖ್ಯೆ ಮಾತ್ರ ಇಟ್ಟುಕೊಳ್ಳುವ ವೇರಿಯಬಲ್. 2.5 ಕೊಟ್ಟರೆ ಅರ್ಧ ನುಂಗಿ 2 ಅನ್ನುತ್ತದೆ. ಹಾಗಾದರೆ ಮೊದಲಿಂದಲೂ 5 ಪರ್ಸೆಂಟ್ ಇದ್ದ ಸಾಮಾನಿನ ಲೆಕ್ಕ? ಅದಕ್ಕೆ ಬೇರೆಯೇ ಫೈಲು, 'ಫೈನಲ್_ಫೈನಲ್_2' ಅಂತ. 'ಫೈನಲ್_ಫೈನಲ್_3' ಕೂಡ ಇತ್ತು, ಅದನ್ನು ಯಾರೂ ಬಳಸುತ್ತಿರಲಿಲ್ಲ.

ಮಧ್ಯೆ ಒಂದು ವಿಚಿತ್ರ ಸಾಲು. ಏನೂ ಮಾಡದೆ ಮೂರು ಸೆಕೆಂಡ್ ಸುಮ್ಮನಿರು, ಅಷ್ಟೇ ಅದರ ಕೆಲಸ. ಮೇಲೊಂದು ಕಾಮೆಂಟು, ಅಂದರೆ ಕೋಡ್ ಓದುವವರಿಗೆ ಬರೆದಿಟ್ಟ ಟಿಪ್ಪಣಿ: 'ದಯವಿಟ್ಟು ಮುಟ್ಟಬೇಡಿ'. ಮುಟ್ಟಬೇಡಿ ಅಂದ ಮೇಲೆ ಕೈ ಸುಮ್ಮನಿರುತ್ತಾ? ತೆಗೆದು ನೋಡಿದೆ. ಬಿಲ್ಲು ಅರ್ಧಕ್ಕೇ ನಿಂತಿತು. ಅಂಗಡಿಯ ಮುದಿ ಪ್ರಿಂಟರಿಗೆ ಹಿಂದಿನ ಬಿಲ್ಲು ಮುಗಿಸಿ ಸುಧಾರಿಸಿಕೊಳ್ಳಲು ಅಷ್ಟು ಹೊತ್ತು ಬೇಕಂತೆ. ಆ ಸಾಲನ್ನು ಮರ್ಯಾದೆಯಿಂದ ವಾಪಸ್ ಕೂರಿಸಿದೆ. ಯುನಿಕ್ಸ್ ಅನ್ನುವ ಹೆಸರಾಂತ ಆಪರೇಟಿಂಗ್ ಸಿಸ್ಟಂನ 1975ರ ಆರನೇ ಆವೃತ್ತಿಯ ಕೋಡಿನಲ್ಲೇ 'ಇದು ನಿಮಗೆ ಅರ್ಥವಾಗಬೇಕು ಅಂತೇನೂ ಇಲ್ಲ' ಅನ್ನುವ ಧಾಟಿಯ ಕಾಮೆಂಟಿದೆ. ಅಂಥ ಘಟಾನುಘಟಿಗಳೇ ಹಾಗಂದ ಮೇಲೆ ನಮ್ಮ ಪುಣ್ಯಾತ್ಮ ವಾಸಿ, 'ದಯವಿಟ್ಟು' ಅಂತಾದರೂ ಬರೆದಿದ್ದ.

22ರ ಬೆಳಿಗ್ಗೆ, ನವರಾತ್ರಿಯ ಮೊದಲ ದಿನ, ಅರ್ಧ ನುಂಗುವ ಚಾಳಿಯನ್ನೂ ಬಿಡಿಸಿದ್ದರಿಂದ ತುಪ್ಪದ ಬಿಲ್ಲು ಸರಿಯಾಗಿ ಬಂತು. ಯಜಮಾನರಿಗೆ ಹುರುಪು. "ಹಂಗೇ ಬಿಲ್ಲಿನ ಮೇಲೆ ಕನ್ನಡದಲ್ಲಿ 'ಶುಭ ದಸರಾ' ಅಂತ ಹಾಕ್ಬಿಡಪ್ಪ. ಎರಡು ನಿಮಿಷದ ಕೆಲಸ."

ಎರಡೇ ನಿಮಿಷ ಹಿಡಿಯಿತು. ಆದರೆ ಈ ಸಾಫ್ಟ್‌ವೇರಿಗೆ ಕನ್ನಡ ಅಕ್ಷರದ ಪರಿಚಯವೇ ಇರಲಿಲ್ಲ. ಬಿಲ್ಲಿನ ತಲೆಯ ಮೇಲೆ ದಪ್ಪಗೆ ಅಚ್ಚಾಗಿ ಬಂತು: "??? ????"

ಮೊದಲ ಗಿರಾಕಿ ಬಿಲ್ಲು ನೋಡಿದರು. ಕೈಯಲ್ಲಿದ್ದ ತುಪ್ಪದ ಡಬ್ಬಿ ನೋಡಿದರು. "ಯಾಕ್ ಸ್ವಾಮಿ, ನಿಮ್ ತುಪ್ಪದ ಮೇಲೆ ನಿಮಗೇ ಅನುಮಾನನಾ?"