ದೇವರನಾಮ ಯಾಕೆ ಯಾವಾಗ್ಲೂ ಸಂಗೀತ ಕಚೇರಿಯ ಕೊನೇಲೇ?

ಚೆನ್ನೈನ ಡಿಸೆಂಬರ್ ಸಂಗೀತ ಸೀಸನ್‌ಗೂ ಬೆಂಗಳೂರಿನ ರಾಮನವಮಿ ಕಚೇರಿಗೂ ಏನು ವ್ಯತ್ಯಾಸ ಅಂತ ಊರಿಗೆ ಹೋದಾಗೆಲ್ಲ ಯಾರಾದ್ರೂ ಕೇಳ್ತಾನೇ ಇರ್ತಾರೆ. ನಂಗೆ ಎರಡೂ ಇಷ್ಟ, ಒಂದನ್ನ ಹೊಗಳಿ ಇನ್ನೊಂದನ್ನ ತೆಗಳೋಕೆ ಮನಸ್ಸು ಬರಲ್ಲ. ಆದ್ರೆ ಒಂದು ವಿಷ್ಯ ವರ್ಷದಿಂದ ವರ್ಷಕ್ಕೆ ಕೊರೀತಾ ಇದೆ, ಇವತ್ತು ಅದನ್ನ ಹೇಳೇ ಬಿಡ್ತೀನಿ. ಎರಡೂ ಊರಲ್ಲೂ ನಮ್ಮ ದೇವರನಾಮಕ್ಕೆ ಸಿಗೋದು ಕಚೇರಿಯ ಬಾಲ ಮಾತ್ರ.

ಮೊದ್ಲು ಚೆನ್ನೈ ಬಗ್ಗೆ ಹೇಳ್ತೀನಿ, ಯಾಕಂದ್ರೆ ಸಂಗೀತ ಕೇಳೋದು ಹೇಗೆ ಅಂತ ನಂಗೆ ಕಲಿಸಿದ್ದು ಈ ಊರೇ. ಮ್ಯೂಸಿಕ್ ಅಕಾಡೆಮಿ ಶುರುವಾಗಿದ್ದು 1928ರಲ್ಲಿ, ಇವತ್ತಿಗೂ ಸೀಸನ್ನಲ್ಲಿ ಬೆಳಗ್ಗೆ ಬೆಳಗ್ಗೇನೇ ಲೆಕ್ಚರ್ ಡೆಮ್ (ಹಾಡಿ ತೋರಿಸೋ ಉಪನ್ಯಾಸ) ಅಂದ್ರೆ ಜನ ಸ್ನಾನ ಮುಗಿಸಿ ನೋಟ್‌ಬುಕ್ ಹಿಡ್ಕೊಂಡು ಬಂದು ಕೂತಿರ್ತಾರೆ. ಮೈಲಾಪುರ, ಟಿ ನಗರ ಎಲ್ಲಿ ನೋಡಿದ್ರೂ ಕಚೇರಿ ನಡೆಸೋ ಸಭಾ, ಮಧ್ಯಾಹ್ನದ ಹೊತ್ತು ಚಿಕ್ಕ ವಯಸ್ಸಿನ ಕಲಾವಿದರು ಹಾಡ್ತಾರೆ, ಎಷ್ಟೋ ಕಡೆ ಅದಕ್ಕೆ ಟಿಕೆಟ್ಟೇ ಇರಲ್ಲ, ಹೋಗಿ ಕೂತ್ರೆ ಆಯ್ತು. ನಾಳೆ ದೊಡ್ಡ ಹೆಸರಾಗೋರನ್ನ ಇವತ್ತೇ ಮೂರನೇ ಸಾಲಲ್ಲಿ ಕೂತು ಕೇಳೋ ಭಾಗ್ಯ ಅದು. ಪಕ್ಕದಲ್ಲಿ ಕೂತಿರೋ ಮಾಮಿ ಆಲಾಪನೆಯ (ಸಾಹಿತ್ಯ ಇಲ್ಲದೆ ರಾಗ ಬಿಡಿಸೋದು) ಎರಡನೇ ಎಳೆಗೇ ರಾಗದ ಹೆಸರು ಹೇಳಿರ್ತಾರೆ, ಅವರ ಕೈ ತೊಡೆ ಮೇಲೆ ತಾಳ ಹಾಕ್ತಿರುತ್ತೆ, ಏಳು ಎಣಿಕೆಯ ಮಿಶ್ರಚಾಪು ತಾಳ ಇದ್ರೂ ಒಂದು ಏಟು ತಪ್ಪಲ್ಲ. ಇಂಥ ಕೇಳುಗರ ಮಧ್ಯೆ ಕೂತು ಕೂತೇ ನನ್ನ ಕಿವಿ ತೆರ್ಕೊಂಡಿದ್ದು.

ಆದ್ರೆ ಅದೇ ಹಾಲಲ್ಲಿ ಮುಖ್ಯ ಕೃತಿ ಮುಗಿದು ತನಿ, ಅಂದ್ರೆ ತಾಳವಾದ್ಯದೋರು ಮಾತ್ರ ನುಡಿಸೋ ಭಾಗ, ಶುರುವಾಗ್ತಿದ್ದ ಹಾಗೆ ಅರ್ಧ ಜನ ಏಳ್ತಾರೆ. ಕೆಲವರು ಕ್ಯಾಂಟೀನಿಗೆ, ಕೆಲವರು ಇನ್ನೊಂದು ಸಭಾದಲ್ಲಿ ಇನ್ನೊಬ್ರ ಕಚೇರಿ ಹಿಡಿಯೋಕೆ, ಕೆಲವರು ಬಸ್ಸಿಗೆ. ಮೃದಂಗ, ಘಟದೋರಿಗೆ ಇದು ದೊಡ್ಡ ಅನ್ಯಾಯ, ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದಾರೆ. ನಂಗೆ ಹೊಟ್ಟೆ ಉರಿಯೋದು ಆಮೇಲೆ. ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರ್ ಹಾಕಿಕೊಟ್ಟ ಪದ್ಧತಿ ಇವತ್ತಿಗೂ ನಡೀತಿದೆ, ವರ್ಣ, ಕೃತಿಗಳು, ಮುಖ್ಯ ರಾಗ, ತನಿ, ಕೊನೆಗೆ ತುಕ್ಕಡ ಅನ್ನೋ ಚಿಕ್ಕ ಹಾಡುಗಳು, ಮಂಗಳ. ಆ ತುಕ್ಕಡದ ಸಾಲಲ್ಲಿ ನಮ್ಮ ದಾಸರು ನಿಂತಿರ್ತಾರೆ. ಒಂದ್ಸಲ ಒಂದು ಸಭಾದಲ್ಲಿ ಒಬ್ರು ಗಾಯಕಿ ವ್ಯಾಸರಾಯರ ‘ಕೃಷ್ಣಾ ನೀ ಬೇಗನೆ ಬಾರೋ’ ಎತ್ಕೊಂಡ್ರು. ಯಮುನಾಕಲ್ಯಾಣಿ ರಾಗ, ಎಷ್ಟು ನಿಧಾನ ಅಂದ್ರೆ ಒಂದೊಂದು ಅಕ್ಷರಾನೂ ಕೈಯಲ್ಲಿ ಹಿಡಿದು ಕರೆದಂಗೆ, ‘ಬಾರೋ’ ಅನ್ನೋದನ್ನೇ ಬೇರೆ ಬೇರೆ ಥರ ಕರೀತಾ ಹೋದ್ರು, ನನ್ನ ಕಣ್ಣು ತುಂಬಿ ಬಂತು. ಅಷ್ಟ್ರಲ್ಲಿ ಮುಂದಿನ ಕಚೇರಿಯೋರು ತಂಬೂರಿ ಹಿಡ್ಕೊಂಡು ಪಕ್ಕದಲ್ಲಿ ಬಂದು ನಿಂತಿದ್ರು, ಇವರು ಗಡಿಯಾರ ನೋಡಿದ್ರು, ಒಂದೇ ನುಡಿಗೆ ಮುಗಿಸಿ ಮಂಗಳಕ್ಕೆ ಹೋದ್ರು. ಅವರದ್ದು ತಪ್ಪಿಲ್ಲ. ಎರಡೂವರೆ ಗಂಟೆ ಸ್ಲಾಟಲ್ಲಿ ಎಲ್ಲರನ್ನೂ ಮೆಚ್ಚಿಸ್ಬೇಕು, ಕೊನೇಲಿ ಉಳಿಯೋದೇ ಐದು ನಿಮಿಷ.

ಈಗ ಬೆಂಗಳೂರಿಗೆ ಬನ್ನಿ. ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನ, ರಾಮಸೇವಾ ಮಂಡಳಿಯೋರು 1939ರಿಂದ ನಡೆಸ್ಕೊಂಡು ಬಂದಿರೋ ಉತ್ಸವ. ಪೆಂಡಾಲ್ ಕೆಳಗೆ ಕುರ್ಚಿ, ಬೇಸಿಗೆ ಸೆಕೆ, ಆಚೆ ರಸ್ತೇಲಿ ಆಟೋ ಹಾರನ್. ಅಕಾಡೆಮಿಯ ನಿಶ್ಶಬ್ದ ಇಲ್ಲಿ ಸಿಗಲ್ಲ. ಆದ್ರೆ ಇಲ್ಲಿ ಜನ ದೇವರನಾಮಕ್ಕೆ ಕಾಯ್ತಾರೆ ಕಣ್ರೀ! ತನಿ ಮುಗಿದ ತಕ್ಷಣ ಸೀಟಲ್ಲಿ ನೆಟ್ಟಗೆ ಕೂರ್ತಾರೆ, ಇಂಥ ಹಾಡು ಹಾಡಿ ಅನ್ನೋ ಚೀಟಿಗಳು ಕೈಯಿಂದ ಕೈಗೆ ದಾಟಿ ವೇದಿಕೆಗೆ ಹೋಗ್ತವೆ. ‘ಜಗದೋದ್ಧಾರನ’ ಕಾಪಿ ರಾಗದಲ್ಲಿ ಶುರುವಾಯ್ತು ಅಂದ್ರೆ ಅಕ್ಕಪಕ್ಕದೋರ ತುಟಿ ಅಲ್ಲಾಡುತ್ತೆ, ಹಿಂದಿನ ಸಾಲಿನ ಅಜ್ಜಿ ಸಣ್ಣಗೆ ಜೊತೆಗೇ ಹಾಡ್ತಾರೆ, ಯಾರೂ ‘ಶ್’ ಅನ್ನಲ್ಲ. ಇಲ್ಲಿ ಎಲ್ರಿಗೂ ಸಾಹಿತ್ಯ ಅರ್ಥ ಆಗುತ್ತೆ, ಜಗತ್ತನ್ನೇ ಉದ್ಧಾರ ಮಾಡೋನನ್ನ ಯಶೋದೆ ತನ್ನ ಮಗು ಅಂತ ಆಡಿಸ್ತಿದಾಳೆ ಅನ್ನೋದು ಯಾರೂ ವಿವರಿಸದೇನೇ ಒಳಗೆ ಇಳಿಯುತ್ತೆ. ಹಾಡೋರಿಗೂ ಅದು ಗೊತ್ತಾಗುತ್ತೆ, ಒಂದು ನುಡಿ ಹೆಚ್ಚೇ ಹಾಡ್ತಾರೆ. ಇಷ್ಟಿದ್ರೂ ಜಾಗ ಮಾತ್ರ ಅದೇ, ಕೊನೇದು.

ಇಲ್ಲೇ ನಂಗೆ ತಮಿಳರನ್ನ ನೋಡಿ ಕಲೀಬೇಕು ಅನ್ಸೋದು. 1940ರ ದಶಕದಲ್ಲಿ ಅವರು ತಮಿಳ್ ಇಸೈ (ತಮಿಳು ಸಂಗೀತ) ಚಳವಳಿ ಮಾಡಿದ್ರು. ನಮ್ಮೂರಲ್ಲಿ ನಮ್ಮ ಭಾಷೆ ಹಾಡು ಬರೀ ತುಕ್ಕಡ ಯಾಕಾಗ್ಬೇಕು, ಕಚೇರಿ ಮಧ್ಯದಲ್ಲಿ ಯಾಕಿರ್ಬಾರ್ದು ಅಂತ ನೇರವಾಗಿ ಕೇಳಿದ್ರು. ಉದ್ಯಮಿ ರಾಜಾ ಅಣ್ಣಾಮಲೈ ಚೆಟ್ಟಿಯಾರ್ ಬೆನ್ನಿಗೆ ನಿಂತ್ರು, 1943ರಲ್ಲಿ ತಮಿಳ್ ಇಸೈ ಸಂಗಂ ಹುಟ್ಕೊಂಡ್ತು, ದೊಡ್ಡ ದೊಡ್ಡೋರೇ ವಿರೋಧ ಮಾಡಿದ್ರು, ಜಗಳ ಜೋರಾಗೇ ನಡೀತು. ಇವತ್ತು ನೋಡಿ, ಚೆನ್ನೈನಲ್ಲಿ ಒಂದು ತಮಿಳು ರಚನೆಯನ್ನ ಮುಖ್ಯ ಕೃತಿಯಾಗಿ ಹಾಡಿದ್ರೆ ಯಾರಿಗೂ ಅದು ವಿಶೇಷ ಅನ್ಸಲ್ಲ. ನಾವು ಹಾಗೆ ಕೇಳೇ ಇಲ್ಲ. ಚೆನ್ನೈನ ಯಾವ ಗಲ್ಲಿಗೆ ಹೋದ್ರೂ ಮಕ್ಕಳ ಪಾಠ ಶುರುವಾಗೋದು ಮಾಯಾಮಾಳವಗೌಳ ರಾಗದ ಸರಳೆ ಅನ್ನೋ ಸ್ವರಪಾಠ, ಆಮೇಲೆ ಮಲಹರಿ ರಾಗದ ಗೀತೆಗಳು, ಅಂದ್ರೆ ಈ ಪಾಠಗಳನ್ನ ಹಾಕಿಕೊಟ್ಟ ಪುರಂದರದಾಸರ ಕೈಹಿಡ್ಕೊಂಡೇ ಎಲ್ರೂ ನಡೆಯೋಕೆ ಕಲಿಯೋದು. ಅದೇ ಮಗು ಬೆಳೆದು ವೇದಿಕೆ ಹತ್ತಿದಾಗ ದಾಸರಿಗೆ ಐದೇ ನಿಮಿಷ. ಇದು ಸರೀನಾ?

ಇದಕ್ಕೆ ಸಂಗೀತ ಬಲ್ಲ ಸ್ನೇಹಿತರು ಕೊಡೋ ಉತ್ತರ ಒಂದಿದೆ, ದೇವರನಾಮಗಳ ಮೂಲ ಮಟ್ಟು ಉಳಿದಿಲ್ಲ, ಈಗ ಹಾಡ್ತಿರೋದೆಲ್ಲ ಆಮೇಲೆ ಬೇರೆಯೋರು ಹಾಕಿದ್ದು, ತ್ಯಾಗರಾಜರ ಕೃತಿ ಥರ ಅದರಲ್ಲಿ ಸಂಗತಿ (ಒಂದೇ ಸಾಲನ್ನ ಬದಲಿಸಿ ಬದಲಿಸಿ ಹಾಡೋ ರೀತಿಗಳು) ಬೆಳೆದು ಬಂದಿಲ್ಲ ಅಂತ. ಮಟ್ಟು ಕಳೆದುಹೋಗಿದೆ ಅನ್ನೋದು ನಿಜ, ಒಪ್ತೀನಿ. ಆದ್ರೆ ಮಾರ್ಗಳಿ (ಧನುರ್ಮಾಸ) ತಿಂಗಳು ಪೂರ್ತಿ ಚೆನ್ನೈ ಹಾಡೋ, ತಮಿಳು ಭಕ್ತಕವಿ ಆಂಡಾಳ್ ಬರೆದ ತಿರುಪ್ಪಾವೈ ಇದ್ಯಲ್ಲ, ಅದರ 30 ಪಾಶುರಕ್ಕೂ (ಪದ್ಯಕ್ಕೂ) ಈಗ ಕಚೇರಿಗಳಲ್ಲಿ ಕೇಳೋ ರಾಗ ಹಾಕಿದ್ದು ಅದೇ ಅರಿಯಕುಡಿ, 20ನೇ ಶತಮಾನದಲ್ಲಿ. ಸಾವಿರ ವರ್ಷಕ್ಕೂ ಹಳೇ ಸಾಹಿತ್ಯಕ್ಕೆ ಒಬ್ಬ ದೊಡ್ಡ ವಿದ್ವಾಂಸ ಮನಸ್ಸಿಟ್ಟು ಮಟ್ಟು ಕಟ್ಟಿದ್ರು, ಉಳಿದೋರು ಗೌರವದಿಂದ ಹಾಡಿದ್ರು, ಅದು ನಿಲ್ತು. ಸಂಗತಿ ಬೆಳೆಯೋದು ಹಾಡ್ತಾ ಹಾಡ್ತಾನೇ ತಾನೇ, ಐದು ನಿಮಿಷದಲ್ಲಿ ಏನು ಬೆಳೆಯುತ್ತೆ?

ನಮ್ಮಲ್ಲಿ ಆಗಿರೋದು ಇನ್ನೊಂದು. ದಾಸವಾಣಿ ಅಂತಾನೇ ಬೇರೆ ಕಾರ್ಯಕ್ರಮ ಮಾಡ್ಕೊಂಡ್ವಿ. ಭೀಮಸೇನ ಜೋಶಿಯವರ ದಾಸವಾಣಿ ಕೇಳದ ಕನ್ನಡ ಮನೆ ಇದ್ಯಾ, ವಿದ್ಯಾಭೂಷಣರು ಬಂದ್ರೆ ಈಗ್ಲೂ ಜನ ತುಂಬ್ಕೊಳ್ತಾರೆ, ಅವೆಲ್ಲ ನಮ್ಮ ಪುಣ್ಯ. ಆದ್ರೆ ಅದರಿಂದ ದೇವರನಾಮ ಒಂದು ಕಡೆ, ಕಚೇರಿ ಇನ್ನೊಂದು ಕಡೆ ಆಗ್ಹೋಯ್ತು. ದಾಸವಾಣೀಲಿ ಹಾಡು ಆದ್ಮೇಲೆ ಹಾಡು, ವಿಸ್ತಾರವಾದ ಆಲಾಪನೆಗೆ, ನೆರವಲ್‌ಗೆ (ಒಂದು ಸಾಲನ್ನ ಅಲ್ಲೇ ಕಲ್ಪಿಸ್ಕೊಂಡು ಹಿಗ್ಗಿಸಿ ಹಾಡೋದಕ್ಕೆ) ಜಾಗ ಕಮ್ಮಿ. ಕಚೇರೀಲಿ ಅವೆಲ್ಲ ಇರುತ್ತೆ, ಅಲ್ಲಿ ದೇವರನಾಮಕ್ಕೆ ಜಾಗ ಇಲ್ಲ.

ಎರಡೂ ಸೇರಿದ್ರೆ ಹೇಗಿರುತ್ತೆ ಅಂತ ನಾನು ತುಂಬ ಯೋಚ್ನೆ ಮಾಡ್ತೀನಿ. ರಾಘವೇಂದ್ರ ಸ್ವಾಮಿಗಳ ‘ಇಂದು ಎನಗೆ ಗೋವಿಂದ’ ತಗೊಳ್ಳಿ, ಹಾಡೋದು ಭೈರವಿಯಲ್ಲಿ. ಭೈರವಿ ಅಂದ್ರೆ ಸಾಮಾನ್ಯ ರಾಗ ಏನ್ರೀ? ಇಪ್ಪತ್ತು ನಿಮಿಷ ಆಲಾಪನೆ, ಪಿಟೀಲಿನೋರ ಸರದಿ, ಅನುಪಲ್ಲವಿಯ ಮೊದಲ ಸಾಲಲ್ಲಿ ಎರಡು ಕಾಲದ (ವೇಗದ) ನೆರವಲ್, ಸ್ವರ, ಆಮೇಲೆ ತನಿ. ಆ ಸಾಹಿತ್ಯದ ದೈನ್ಯಕ್ಕೆ ಭೈರವಿಯ ಆ ಭಾರವಾದ ಗಮಕ ಸೇರಿದ್ರೆ ಅದಕ್ಕಿಂತ ದೊಡ್ಡ ಮುಖ್ಯ ಕೃತಿ ಇನ್ನೇನು ಬೇಕು. ದೇವರನಾಮಕ್ಕೆ ಈ ತೂಕ ಇದೆ ಅಂತ ತೋರಿಸಿಕೊಟ್ಟೋರೂ ಇದ್ರು. ಗಾಯಕ ಆರ್ ಕೆ ಶ್ರೀಕಂಠನ್ ಅವರ ರೆಕಾರ್ಡಿಂಗ್ ಹಾಕಿ ಕೇಳಿ, ಒಂದು ಅಕ್ಷರ ನುಂಗಲ್ಲ, ಕೃತಿಗೆ ಕೊಡೋ ಮರ್ಯಾದೇನೇ ದೇವರನಾಮಕ್ಕೂ. ಅವರಿಗೆ 1995ರ ಸಂಗೀತ ಕಲಾನಿಧಿ ಪ್ರಶಸ್ತಿ ಕೊಟ್ಟಿದ್ದು ಇದೇ ಮದ್ರಾಸಿನ ಅಕಾಡೆಮಿ. ಗಾಯಕಿ ಎಂ ಎಲ್ ವಸಂತಕುಮಾರಿ ಅವರಂತೂ ಕನ್ನಡ ಬರದ ಮದ್ರಾಸಿಗರ ಬಾಯಲ್ಲೂ ಪುರಂದರದಾಸರನ್ನ ಕೂರಿಸಿದ್ರು. ಅಂದ್ರೆ ಇಲ್ಲಿನ ಕಿವಿಗಳು ಬೇಡ ಅನ್ನಲ್ಲ, ಹಾಡೋರು ಮುಂದೆ ತಂದ್ರೆ ಕೇಳ್ತಾರೆ.

ಅದಕ್ಕೇ ಚೆನ್ನೈಗಿಂತ ಮೊದ್ಲು ಇದು ಬೆಂಗಳೂರು, ಮೈಸೂರಲ್ಲೇ ಆಗ್ಬೇಕು. ಅಲ್ಲಿ ಕೇಳುಗರು ಆಗ್ಲೇ ಕಾಯ್ತಾ ಕೂತಿದಾರೆ. ಕಲಾವಿದರನ್ನ ಕರೆಯುವಾಗ ಆಯೋಜಕರು ಒಂದು ಮಾತು ಕೇಳ್ಲಿ, ಈ ಸಲ ಒಂದು ದೇವರನಾಮ ಮುಖ್ಯ ಕೃತಿಯಾಗಿ ಹಾಡ್ತೀರಾ ಅಂತ. ತಯಾರಿ ಬೇಕು, ಆರು ತಿಂಗಳು ಮುಂಚೆ ಹೇಳ್ಲಿ. ನಾವು ಕೇಳುಗರೂ ಚೀಟಿ ಬರೆಯೋದನ್ನ ತನಿ ಮುಗಿಯೋವರೆಗೂ ಇಟ್ಕೊಳ್ಳೋದು ಬೇಡ. ಮುಂದಿನ ರಾಮನವಮಿಗೆ ನಾನು ಬರ್ತೀನಿ, ವರ್ಣ ಮುಗಿದ ತಕ್ಷಣ ‘ಇಂದು ಎನಗೆ, ಭೈರವಿ, ನೆರವಲ್ ಸಮೇತ’ ಅಂತ ಬರೆದು ಕಳಿಸ್ತೀನಿ, ನಿಮ್ಮಲ್ಲಿ ಹತ್ತು ಜನ ಅದೇ ಬರೆದ್ರೆ ಹಾಡೋರಿಗೂ ಧೈರ್ಯ ಬರುತ್ತೆ.