ಕಾಲುಬಾಯಿ ಬೇನೆ ಲಸಿಕೆ: ಓಡಾಡುತ್ತಿರುವ ಮೆಸೇಜು ತಪ್ಪು

"ಕಾಲುಬಾಯಿ ಲಸಿಕೆಯಿಂದಲೇ ದನಕ್ಕೆ ಬೇನೆ ಬರುತ್ತದೆ, ಒಮ್ಮೆ ಹಾಕಿಸಿದ್ದರೆ ಮತ್ತೆ ಬೇಡ" ಎಂಬ ಮೆಸೇಜು ವಿಜಯಪುರದ ಕಡೆಯ ರೈತರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಈ ಲಸಿಕೆಯಲ್ಲಿ ಇರುವುದು ಸತ್ತ ವೈರಸ್. ಅದರಿಂದ ಬೇನೆ ಬರುವುದಿಲ್ಲ. ಹಾಗಾದರೆ ಲಸಿಕೆ ಹಾಕಿಸಿದ ವಾರದಲ್ಲೇ ಕೆಲವು ದನ ಜೊಲ್ಲು ಸುರಿಸುತ್ತಾ, ಗೊರಸಿನ ಸಂದಿಯಲ್ಲಿ ಹುಣ್ಣಾಗಿ ಕುಂಟುವುದು ಯಾಕೆ? ವೈರಸ್ ಮೈಸೇರಿದ ಮೇಲೆ ಬೇನೆ ಕಾಣಿಸಲು 2ರಿಂದ 14 ದಿನ ಹಿಡಿಯುತ್ತದೆ. ಅಂಥ ದನಕ್ಕೆ ಸೂಜಿಗೆ ಮೊದಲೇ, ಇಲ್ಲವೇ ಲಸಿಕೆಯ ಬಲ ಬರುವ ಮೊದಲೇ ಸೋಂಕು ತಗುಲಿರುತ್ತದೆ. ಕಣ್ಣೆದುರೇ ಹೀಗಾದರೆ ಯಾರಿಗಾದರೂ ಅನುಮಾನ ಬರುತ್ತದೆ ಅಲ್ವಾ? ಚುಚ್ಚಿದ ಜಾಗದಲ್ಲಿ ಬಾವು ಬರಬಹುದು, ಒಂದೆರಡು ದಿನ ಹಾಲು ಕಡಿಮೆಯಾಗಬಹುದು. ಅದು ತಾನಾಗಿ ಸರಿಹೋಗುತ್ತದೆ.

ಇನ್ನು "ಒಮ್ಮೆ ಸಾಕು" ಎಂಬ ಮಾತು. ಲಸಿಕೆಯ ಬಲ ಸುಮಾರು 6 ತಿಂಗಳು ಮಾತ್ರ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 6 ತಿಂಗಳಿಗೊಮ್ಮೆ ಹಾಕುವುದು ಅದಕ್ಕೇ. ಈ ವೈರಸ್ಸಿನಲ್ಲಿ 7 ಬಗೆಗಳಿವೆ, ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ. ಯಾವ ಬಗೆ ಹರಡುತ್ತಿದೆ ಎಂದು ವಿಜ್ಞಾನಿಗಳು ಹುಣ್ಣಿನ ಮಾದರಿ ತೆಗೆದು ನೋಡುತ್ತಲೇ ಇರುತ್ತಾರೆ. ಈಗ ನಮ್ಮ ಲಸಿಕೆಯಲ್ಲಿರುವುದು ಓ, ಎ ಮತ್ತು ಏಷ್ಯಾ-1. ಸಿ ಬಗೆ 1995ರ ನಂತರ ದೇಶದಲ್ಲಿ ಕಂಡಿಲ್ಲ, ಹಾಗಾಗಿ ಅದನ್ನು ಕೈಬಿಟ್ಟರು.

ಆ ಮೆಸೇಜು ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಸಿದ್ಧೇಶ್ವರ ಜಾತ್ರೆಯ ದನದ ಸಂತೆಗೆ ಎತ್ತು ಹೊಡೆದುಕೊಂಡು ಹೋಗುವವರು ಕೆಲವು ವಾರ ಮೊದಲೇ ಲಸಿಕೆ ಹಾಕಿಸಿರಿ.