ಮಣ್ಣು ಮೆತ್ತೋದು ಅಪ್ಪ, ಅಮ್ಮ ಅಲ್ಲ

ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಇರೋ ಕುಂಬಾರ ಕಪ್ಪೆ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ ಆದ್ರೆ "ತಾಯಿ ಕುಂಬಾರ ಕಪ್ಪೆ ತನ್ನ ಮೊಟ್ಟೆಗೆ ಮಣ್ಣು ಮೆತ್ತಿ ಕಾಪಾಡುತ್ತೆ" ಅಂತ ಬರ್ದಿದೀರಲ್ಲ, ಅದು ಪೂರ್ತಿ ಉಲ್ಟಾ. ಹೆಣ್ಣು ಮೊಟ್ಟೆ ಇಟ್ಟು ಹೊರಟೋಗುತ್ತೆ, ಆಮೇಲೆ ಹಳ್ಳದ ತಳದಿಂದ ಮುಂಗಾಲಲ್ಲಿ ಕೆಸರು ಎತ್ತಿ, ಹಿಂಗಾಲ ಮೇಲೆ ನಿಂತ್ಕೊಂಡು, ನೀರಿನ ಮೇಲೆ ಬಾಗಿರೋ ಕಡ್ಡಿಗೆ ಅಂಟಿರೋ ಮೊಟ್ಟೆಗಳಿಗೆ ಮೆತ್ತೋದು ಗಂಡು. 2014ರಲ್ಲಿ ಕಪ್ಪೆ ಸಂಶೋಧಕ ಗುರುರಾಜ ಕೆ.ವಿ. ಮತ್ತು ಜೊತೆಗಾರರು ಇದನ್ನ ಹೊಸ ಪ್ರಭೇದ ಅಂತ ವಿವರಿಸಿದ್ದು, 'ಕುಂಬಾರ' ಅಂತ ಹೆಸರಿಟ್ಟಿದ್ದೂ ಈ ಕೆಲಸ ನೋಡೇ. ಮೊಟ್ಟೆ ಇಡೋವಾಗ ಮುಂಗಾಲ ಮೇಲೆ ತಲೆಕೆಳಗಾಗಿ ನಿಲ್ಲೋ ಸರ್ಕಸ್ ಬಗ್ಗೆ ಒಂದು ಸಾಲೂ ಇಲ್ವಲ್ಲ ಮಾರಾಯ್ರೆ!

ಉತ್ತರ ಕನ್ನಡದ ಕತ್ತಲೆಕಾನು ಕಡೆ ಮಳೆಗಾಲದ ರಾತ್ರಿ ಒಂದ್ಸಲ ಹಳ್ಳದ ಪಕ್ಕ ಕೂತಿದ್ದೆ, ಟೊಕ್ ಟೊಕ್ ಅಂತ ಮರಕ್ಕೆ ಯಾರೋ ತಟ್ಟಿದ ಹಾಗೆ ಈ ಕಪ್ಪೆ ಕೂಗೋ ಸದ್ದು, ಟಾರ್ಚ್ ಹಾಕಿದ್ರೆ ನಿಂತೋಗುತ್ತೆ, ಆಫ್ ಮಾಡಿದ್ರೆ ಮತ್ತೆ ಶುರು. ಕೊನೆಗೆ ಕಂಡಿದ್ದು ಕಪ್ಪೆ ಅಲ್ಲ, ಕಡ್ಡಿ ಮೇಲೆ ಒಣಗಿದ ಕೆಸರಿನ ಮುದ್ದೆ ಅಷ್ಟೇ, ಮೊದ್ಲು ಗೊತ್ತಿಲ್ದಿದ್ರೆ ಯಾವುದೋ ಹುಳದ ಗೂಡು ಅನ್ಕೊಂಡು ಬಿಟ್ಬಿಡ್ತಿದ್ದೆ. ಮೊಟ್ಟೆ ಒಣಗದೇ ಇರ್ಲಿ, ತಿನ್ನೋರ ಕಣ್ಣಿಗೆ ಬೀಳದೇ ಇರ್ಲಿ ಅಂತ ಈ ಲೇಪ ಅನ್ನೋದು ಸಂಶೋಧಕರ ಅಂದಾಜು, ನೀವು ಅದನ್ನ ಸಾಬೀತಾದ ಸತ್ಯ ಅನ್ನೋ ಹಾಗೆ ಬರ್ದಿದೀರಿ.

ಇನ್ನೊಂದು, ಈ ಕಪ್ಪೆ ಉಳಿಯೋಕೆ "ಕಾಡು ಇದ್ರೆ ಸಾಕು" ಅಂತ ನೀವು ಬರ್ದಿರೋದೂ ಅರ್ಧ ಮಾತು. ಮರ ಹಾಗೇ ಬಿಟ್ಟು ಹಳ್ಳದ ನೀರನ್ನ ಮಾತ್ರ ಪೈಪಲ್ಲಿ ತೋಟಕ್ಕೆ ತಿರುಗಿಸಿದ್ರೆ, ಮೊಟ್ಟೆಯಿಂದ ಬಂದ ಗೊದಮೊಟ್ಟೆ ಬೀಳೋದು ಎಲ್ಲಿಗೆ?